ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಇಷ್ಟು ಜನ ಬಂದಿದ್ದೀರಿ. ನಿಮಗೆ ಚಾರಣದ ಹುಚ್ಚು ಜೋರಾಗಿದೆ ಅಂತಾಯಿತು. ಇಲ್ಲಾ, ಮಾತು ಮುಗಿದ ಮೇಲೆ ತಿಂಡಿ ಇದೆ ಅಂತ ಯಾರೋ ಹೇಳಿರಬೇಕು.

ತಿಂಡಿ ಇದೆ. ಅದನ್ನೇ ಮೊದಲು ಶುರು ಮಾಡಿಬಿಡುತ್ತೇನೆ. ಈ ಡಬ್ಬದಲ್ಲಿರುವುದು ಗಟ್ಟಿ ಅವಲಕ್ಕಿ, ಮಿಕ್ಸಿಯಲ್ಲಿ ರವೆ ಹದಕ್ಕೆ ಪುಡಿ ಮಾಡಿದ್ದು. ಈ ಸಣ್ಣ ಬಾಟಲಿಯಲ್ಲಿ ಹುಣಸೆ ಗೊಜ್ಜು. ಇದು ಕುಡಿಯುವ ನೀರು, ಬರೀ ತಣ್ಣೀರು. ಹಾಕಿದೆ, ಕಲಸಿದೆ, ಮುಚ್ಚಿದೆ. ಮುಂದಿನ ಸಾಲಿನವರು ದಯವಿಟ್ಟು ಇದನ್ನು ಮುಟ್ಟಬೇಡಿ. ನಾನು ನೋಡ್ತಾ ಇರ್ತೀನಿ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ಕ್ಯಾಂಪಿನಲ್ಲಿ ಸರಳ ಅಡುಗೆ'. ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಅದಕ್ಕೆ ಸ್ವಲ್ಪ ಉಲ್ಟಾ. ಅಡುಗೆ ಮನೆಯಲ್ಲೇ ಮಾಡಿ ಮುಗಿಸಿ. ಕ್ಯಾಂಪಿನಲ್ಲಿ ನೀರು ಕಾಯಿಸಿ, ಸಾಕು. ಇದೊಂದೇ ಮಾತನ್ನು ಮುಕ್ಕಾಲು ಗಂಟೆ ಹೇಳುತ್ತೇನೆ.

ಈ ಹಟ ಯಾಕೆ ಅಂದರೆ, ಹೋದ ತಿಂಗಳು ನಮ್ಮ ಹುಡುಗರು ಹೊರಟಾಗ ಬಸ್ ಹತ್ತಿರ ಸುಮ್ನೆ ಒಂದು ಬ್ಯಾಗ್ ಎತ್ತಿ ನೋಡಿದೆ. ಏಳಲಿಲ್ಲ. ತಕ್ಕಡಿಗೆ ಹಾಕಿದರೆ 19 ಕೆ.ಜಿ. ಹೊರುವವನ ತೂಕ 58. ಬಿಚ್ಚಿಸಿದೆ. ಎರಡು ಕೆ.ಜಿ. ಆಲೂಗೆಡ್ಡೆ, ಒಂದು ಕೆ.ಜಿ. ಈರುಳ್ಳಿ, ಟೊಮೇಟೊ, ಗಾಜಿನ ಬಾಟಲಿಯಲ್ಲಿ ಎಣ್ಣೆ, ಸುಲಿಯದ ಒಂದು ತೆಂಗಿನಕಾಯಿ. ತೆಂಗಿನಕಾಯಿ ಯಾಕಪ್ಪಾ ಅಂದೆ. 'ಚಟ್ನಿಗೆ ಸಾರ್' ಅಂದ. ರುಬ್ಬೋದು ಹೇಗೆ ಅಂದೆ. ಆಗ ಯೋಚನೆ ಮಾಡಿದ.

ಆಲೂಗೆಡ್ಡೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರು. ಈರುಳ್ಳಿ, ಟೊಮೇಟೊ ಅಂತೂ ಕೇಳಲೇ ಬೇಡಿ. ಅಂದರೆ ಆ ಹುಡುಗ ನೀರನ್ನೇ ಹೊತ್ತುಕೊಂಡು ಹಳ್ಳದ ಪಕ್ಕದಲ್ಲಿ ಏಳು ಗಂಟೆ ನಡೆಯಲು ಹೊರಟಿದ್ದ.

ನಗಬೇಡಿ. ನಾನೂ ಇದನ್ನೇ ಮಾಡಿದವನು. ಆ ಕಥೆ ಹೇಳಲೇಬೇಕು. ಕೆಲವರು ಮೊದಲೇ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ.

ಹದಿನೈದು ವರ್ಷದ ಹಿಂದೆ ನಾವು ನಾಲ್ಕು ಜನ ಹಿಮಾಲಯದಲ್ಲಿ ಮನಾಲಿ ಕಡೆಯಿಂದ ಬಿಯಾಸ್ ಕುಂಡ ಅನ್ನುವ ಸರೋವರಕ್ಕೆ ಹೋಗಿದ್ದೆವು. ಗೈಡ್ ಇಲ್ಲ, ಅಡುಗೆಯವರು ಇಲ್ಲ, ಕುದುರೆ ಇಲ್ಲ. ಎಲ್ಲ ನಾವೇ ಅನ್ನುವ ಜಂಬ. ಧುಂಡಿಯಿಂದ ನದಿ ಪಕ್ಕದಲ್ಲೇ ಹತ್ತಿ ಬಕರ್‌ಥಾಚ್ ಅನ್ನುವ ಹುಲ್ಲುಗಾವಲಿಗೆ ಬಂದೆವು. ಎತ್ತರ ಸುಮಾರು 3,300 ಮೀಟರ್. ಎದುರಿಗೆ ಹನುಮಾನ್ ಟಿಬ್ಬ ಶಿಖರ, ಅದರ ತಲೆ ಮೇಲೆ ಹಿಮ. ಸಂಜೆ ಐದಾಗಿತ್ತು. ನಾನು ಘೋಷಣೆ ಮಾಡಿದೆ: ಇವತ್ತು ಬಿಸಿಬೇಳೆಬಾತ್!

ಪುಡಿ ಮನೆಯಲ್ಲಿ ಹಿಂದಿನ ವಾರವೇ ಹುರಿದು ಕುಟ್ಟಿದ್ದು. ಚಕ್ಕೆ, ಮೊಗ್ಗು, ಬ್ಯಾಡಗಿ ಮೆಣಸಿನಕಾಯಿ, ಎಲ್ಲ ಪಕ್ಕಾ. ಅಕ್ಕಿ, ತೊಗರಿಬೇಳೆ ತೊಳೆದು ಪಾತ್ರೆಗೆ ಹಾಕಿ ಸ್ಟೌ ಹಚ್ಚಿದೆ. ಹತ್ತು ನಿಮಿಷಕ್ಕೆ ಕೊತಕೊತ ಕುದಿಯಲು ಶುರುವಾಯಿತು. ಎಷ್ಟು ಬೇಗ ಕುದಿಯಿತು ನೋಡಿ ಅಂತ ಹೆಮ್ಮೆಪಟ್ಟೆ.

ಅರ್ಧ ಗಂಟೆ ಆಯಿತು. ಒಂದು ಬೇಳೆ ತೆಗೆದು ಹಿಸುಕಿದೆ. ಕಲ್ಲು. ಮುಕ್ಕಾಲು ಗಂಟೆ. ಕಲ್ಲು. ಗೆಳೆಯನೊಬ್ಬ ಎಂಜಿನಿಯರ್, ಉರಿ ಜಾಸ್ತಿ ಮಾಡು ಅಂದ. ಮಾಡಿದೆ. ನೀರು ಬತ್ತಿತು, ಅಕ್ಕಿ ಮೇಲೆಲ್ಲ ಗಂಜಿಯಾಗಿ ನಡುವೆ ಹಸಿಯಾಗಿ ನಿಂತಿತು. ಬೇಳೆ ಹಾಗೇ ಇತ್ತು. ಮತ್ತೆ ನೀರು ಹಾಕಿದೆ, ಹಿಮ ಕರಗಿದ ನೀರು. ಮತ್ತೆ ಮೊದಲಿಂದ ಕುದಿಯಬೇಕು. ಒಂದು ಗಂಟೆ ಹೊತ್ತಿಗೆ ಸ್ಟೌ ಸದ್ದು ಬದಲಾಯಿತು. ಬುಸ್ ಅನ್ನುತ್ತಿದ್ದದ್ದು ಪಿಸುಗುಟ್ಟಲು ಶುರು ಮಾಡಿತು. 230 ಗ್ರಾಂ ಗ್ಯಾಸ್ ಡಬ್ಬಿ, ಮೂರು ದಿನಕ್ಕೆ ಅಂತ ತಂದದ್ದು, ಮೊದಲ ರಾತ್ರಿಯೇ ಕೊನೆ ಉಸಿರು ಎಳೆಯುತ್ತಿತ್ತು.

'ನಿನ್ನ ಬೇಳೆ ಇಲ್ಲಿ ಬೇಯಲ್ಲ' ಅಂತ ನಾವು ಯಾರಿಗಾದರೂ ಹೇಳುತ್ತೇವಲ್ಲ, ಆ ಮಾತನ್ನು ಮೊದಲು ಆಡಿದವನು ಖಂಡಿತ ಬೆಟ್ಟ ಹತ್ತಿದವನೇ ಇರಬೇಕು.

ಅಷ್ಟರಲ್ಲಿ ಮೇಲಿನಿಂದ ಆ ಕಡೆಯ ಗದ್ದಿ ಸಮುದಾಯದ ಒಬ್ಬ ಕುರಿಗಾಹಿ ಇಳಿದು ಬಂದ. ಉಣ್ಣೆಯ ಕೋಟು, ಸೊಂಟಕ್ಕೆ ಹಗ್ಗ. ನಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿದ. ಆಮೇಲೆ ನಮ್ಮ ಮುಖ ನೋಡಿದ. 'ಕುಕ್ಕರ್ ನಹೀ ಹೈ?' ಅಂದ. ಇಲ್ಲ ಅಂದೆವು. ಏನೂ ಮಾತಾಡದೆ ಪಾತ್ರೆಯನ್ನೇ ಎತ್ತಿಕೊಂಡು ಹೊರಟ. ನಾವು ಮಕ್ಕಳ ಥರ ಅವನ ಹಿಂದೆ ಹೋದೆವು.

ಅವನ ಗುಡಿಸಲು ಅಂದರೆ ಕಲ್ಲು ಜೋಡಿಸಿ ಮೇಲೆ ಟಾರ್ಪಾಲ್ ಎಳೆದದ್ದು. ಒಲೆ ಪಕ್ಕದಲ್ಲಿ ಮಸಿ ಹಿಡಿದು ಕಪ್ಪಾದ ಒಂದು ಕುಕ್ಕರ್, ಮುಚ್ಚಳದ ಹಿಡಿ ಮುರಿದಿದೆ, ಅದಕ್ಕೆ ತಂತಿ ಸುತ್ತಿದ್ದಾನೆ. ನಮ್ಮ ಬಿಸಿಬೇಳೆಬಾತ್ ಅದರೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಕಣಿವೆಯಲ್ಲಿ ಒಂದು ವಿಶಲ್ ಕೂಗಿತು ನೋಡಿ! ಎಷ್ಟು ಸಂಗೀತ ಕಛೇರಿ ಕೇಳಿದ್ದೇನೆ, ಆ ಶಬ್ದದ ಮುಂದೆ ಯಾವುದೂ ಇಲ್ಲ. ಆರು ವಿಶಲ್. ಬೇಳೆ ಬೆಣ್ಣೆ ಆಗಿತ್ತು.

ಅಲ್ಲಿಯವರೆಗೆ ಅವನು ತವಾ ಮೇಲೆ ರೊಟ್ಟಿ ತಟ್ಟುತ್ತಿದ್ದ. ರೊಟ್ಟಿ ಊರಲ್ಲಿ ಬೆಂದಷ್ಟೇ ಬೇಗ ಬೇಯುತ್ತಿತ್ತು. ಆಗ ನನಗೆ ಹೈಸ್ಕೂಲಿನ ವಿಜ್ಞಾನ ಪಾಠ ನೆನಪಾಯಿತು, ಮೂವತ್ತು ವರ್ಷ ತಡವಾಗಿ.

ನಿಮಗೆಲ್ಲ ಗೊತ್ತಿರುವುದೇ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಪ್ರತಿ 300 ಮೀಟರ್‌ಗೆ ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ. ಈ ಮೈಸೂರಿನಲ್ಲೇ ನೀರು 97, 98 ಡಿಗ್ರಿಗೆ ಕುದಿಯುತ್ತದೆ. ಕುಮಾರ ಪರ್ವತ 1,712 ಮೀಟರ್, ಅಲ್ಲಿ 94. ಬಕರ್‌ಥಾಚ್‌ನಲ್ಲಿ 89. ಕೊತಕೊತ ಅನ್ನುತ್ತಿದೆ ಅಂದ ಮಾತ್ರಕ್ಕೆ ಬಿಸಿ ಇದೆ ಅಂತಲ್ಲ. ಉರಿ ಎಷ್ಟು ಜಾಸ್ತಿ ಮಾಡಿದರೂ ನೀರು ಆವಿಯಾಗಿ ಹೋಗುತ್ತದೆಯೇ ಹೊರತು 89 ದಾಟುವುದಿಲ್ಲ. ಕುಕ್ಕರ್ ಆ ಆವಿಯನ್ನು ಹಿಡಿದಿಟ್ಟು 100ರ ಮೇಲಕ್ಕೆ ಒಯ್ಯುತ್ತದೆ. ತವಾಕ್ಕೆ ಈ ತೊಂದರೆಯೇ ಇಲ್ಲ. ಅಲ್ಲಿ ಬಿಸಿ ಮುಟ್ಟಿಸುವುದು ನೀರಲ್ಲ, ಕಬ್ಬಿಣ. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಅಂಕ ತೆಗೆದವನು ನಾನು. ಕುಕ್ಕರ್ ಹೊತ್ತು ಬೆಟ್ಟ ಹತ್ತಿದವನು ಅವನು.

ಹಾಗಾದರೆ ಕುಕ್ಕರ್ ಹೊರಬೇಕಾ? ಅವನು ತಿಂಗಳುಗಟ್ಟಲೆ ಅಲ್ಲಿರುತ್ತಾನೆ, ಅವನಿಗೆ ಬೇಕು. ನಾವು ಎರಡು ರಾತ್ರಿಗೆ ಹೋಗುವವರು. ಬೇಳೆಯನ್ನೇ ಬಿಡಿ.

ಮಾರನೇ ಬೆಳಗ್ಗೆ ಅವನಿಗೆ ಕೊಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ನನ್ನ ಬ್ಯಾಗಿನ ತಳದಲ್ಲಿ ಅಮ್ಮ ತುರುಕಿದ್ದ ಗೊಜ್ಜವಲಕ್ಕಿಯ ಪೊಟ್ಟಣ ಇತ್ತು. ಹೊರಡುವಾಗ 'ಇದೆಲ್ಲ ಯಾಕಮ್ಮಾ' ಅಂತ ಜಗಳ ಆಡಿದ್ದೆ. ಅದರಲ್ಲಿ ಸ್ವಲ್ಪ ಒಂದು ಡಬ್ಬಕ್ಕೆ ಸುರಿದು, ತಣ್ಣೀರು ಹಾಕಿ ಹದಿನೈದು ನಿಮಿಷ ಮುಚ್ಚಿಟ್ಟು ಕೊಟ್ಟೆ. ಅವನು ಒಂದು ತುತ್ತು ತಿಂದು, ಒಲೆ ನೋಡಿದ. ಒಲೆ ಆರಿತ್ತು. ಆಮೇಲೆ ಪೂರ್ತಿ ಡಬ್ಬ ಖಾಲಿ ಮಾಡಿದ. ಉಳಿದ ಎರಡು ದಿನ ನಾವು ನಾಲ್ಕೂ ಜನ ಬದುಕಿದ್ದು ಆ ಪೊಟ್ಟಣದಲ್ಲಿ ಮಿಕ್ಕಿದ್ದರ ಮೇಲೆಯೇ.

ನೋಡಿ, ಅವಲಕ್ಕಿ ಅಂದರೆ ಏನು? ಭತ್ತ ನೆನೆಸಿ, ಹುರಿದು, ಬಿಸಿ ಇರುವಾಗಲೇ ಕುಟ್ಟಿ ಚಪ್ಪಟೆ ಮಾಡಿದ್ದು. ಬೇಯಿಸುವ ಕೆಲಸ ಮಿಲ್ಲಿನಲ್ಲೇ ಮುಗಿದಿದೆ. ನಾವು ನೀರು ತೋರಿಸಿದರೆ ಸಾಕು. ಹುರಿಹಿಟ್ಟು? ರಾಗಿ ಅರಳಿಸಿ ಬೀಸಿದ್ದು, ಅದೂ ಬೆಂದಾಗಿದೆ. ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಊಟ. ಇವತ್ತು ಪ್ಯಾಕೆಟ್ ಮೇಲೆ 'ಇನ್‌ಸ್ಟಂಟ್' ಅಂತ ಅಚ್ಚು ಹಾಕಿ ಮಾರುತ್ತಾರಲ್ಲ, ಅದು ನಮ್ಮ ಅಜ್ಜಿಯರ ನಾಗಂದಿಗೆ ಮೇಲೆ ಹೆಸರಿಲ್ಲದೆ ಕೂತಿತ್ತು. ಕುಚೇಲ ಅಷ್ಟು ದೂರ ನಡೆದು ಹೋದನಲ್ಲ, ಏನು ಕಟ್ಟಿಕೊಂಡು ಹೋದ? ಅವಲಕ್ಕಿ. ತೊಗರಿಬೇಳೆ ಅಲ್ಲ.

ಬ್ಯಾಕ್‌ಪ್ಯಾಕಿಂಗ್ ವಿದೇಶದ ಖಯಾಲಿ ಅಂತ ಕೆಲವರು ಹೇಳುತ್ತಾರೆ. ಯುಗಾದಿ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆಯುವವರನ್ನು ನೋಡಿದ್ದೀರಾ? ಬೇಸಿಗೆ ಬಿಸಿಲು, ನೂರಾರು ಕಿಲೋಮೀಟರ್, ಕೊನೆಗೆ ನಲ್ಲಮಲ ಕಾಡು, ಭೀಮನಕೊಳ್ಳದ ಇಳಿಜಾರು. ದಾರಿಯುದ್ದಕ್ಕೂ ಊರಿನವರ ದಾಸೋಹ ಇರುತ್ತದೆ, ನಿಜ. ಆದರೂ ತಮ್ಮ ಗಂಟು ತಮ್ಮ ಹತ್ತಿರ ಇರುತ್ತದೆ. ಒಂದು ದಿನ ಅವರ ಜೊತೆ ನಾನೂ ಹೆಜ್ಜೆ ಹಾಕಿದ್ದೆ. ಮಧ್ಯಾಹ್ನ ಒಂದು ಮರದ ಕೆಳಗೆ ಒಬ್ಬ ಅಜ್ಜಿ ಬಟ್ಟೆಗಂಟು ಬಿಚ್ಚಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಈರುಳ್ಳಿಯನ್ನು ಗುದ್ದಿ ಒಡೆದರು, ಚಾಕು ಕೂಡ ಇಲ್ಲ. ರೊಟ್ಟಿ ಯಾವಾಗ ಮಾಡಿದ್ದು ಅಂದೆ. 'ಹೊಂಡೂಕಿಂತ ಮೊದಲs ಬಡದಿಟ್ಟಿದ್ದೆನ್ರೀ, ಹದಿನೈದ್ ದಿನಾತು' ಅಂದರು. ಟಪ್ ಅಂತ ಮುರಿದು ಕೈಗೆ ಕೊಟ್ಟರು. ಅಜ್ಜಿಯ ಗಂಟು ಎತ್ತಿ ನೋಡಿದೆ. ಐದು ಕೆ.ಜಿ. ಕೂಡ ಇರಲಿಲ್ಲ. ನನ್ನ ಬೆನ್ನ ಮೇಲೆ ಹನ್ನೊಂದು.

ಇನ್ನು ನಮ್ಮೂರಿನ ಸುದ್ದಿ. ಇಲ್ಲೇ ಸಿದ್ಧಾರ್ಥನಗರದಲ್ಲಿ ಡಿಎಫ್‌ಆರ್‌ಎಲ್ ಅಂತ ಇತ್ತು, ರಕ್ಷಣಾ ಆಹಾರ ಸಂಶೋಧನಾಲಯ, ಈಗ ಹೆಸರು ಬದಲಾಗಿದೆ. 1961ರಲ್ಲಿ ಶುರುವಾದದ್ದು. ಗಡಿಯಲ್ಲಿ ಒಲೆ ಹಚ್ಚಲಾಗದ ಕಡೆ ಸೈನಿಕ ಏನು ತಿನ್ನಬೇಕು ಅನ್ನುವುದೇ ಅವರ ಕೆಲಸವಾಗಿತ್ತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ಭಾರತದ ಊಟ ತಯಾರಾದದ್ದು ಇಲ್ಲೇ. ಅಲ್ಲೂ ಇದೇ ಸೂತ್ರ. ಅಡುಗೆ ಮೈಸೂರಿನಲ್ಲಿ, ಊಟ ಆಕಾಶದಲ್ಲಿ. ನೀವು ಕುದುರೆಮುಖದ ಮೇಲೆ ಒಗ್ಗರಣೆ ಹಾಕುತ್ತೇನೆ ಅನ್ನುತ್ತೀರಿ!

ಅಧ್ಯಕ್ಷರಿಂದ ಚೀಟಿ ಬಂತು. ಹತ್ತು ನಿಮಿಷ ಅಂತೆ. ನಾನಿನ್ನೂ ಮೊದಲನೇ ಪುಟದಲ್ಲಿದ್ದೇನೆ. ಹೋಗಲಿ, ಮುಖ್ಯವಾದದ್ದು ಹೇಳಿಬಿಡುತ್ತೇನೆ.

ಗೊಜ್ಜು. ಎರಡು ನಿಂಬೆಹಣ್ಣಿನ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಉಪ್ಪು, ಮೂರು ಚಮಚ ಸಾರಿನ ಪುಡಿ. ಸಾಸಿವೆ, ಕಡಲೆಬೀಜ, ಕರಿಬೇವಿನ ಒಗ್ಗರಣೆ. ಎಣ್ಣೆ ಸ್ವಲ್ಪ ಧಾರಾಳವಾಗಿರಲಿ. ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಕುದಿಸಬೇಕು. ಅವಸರ ಮಾಡಿ ನೀರಿನಂಶ ಉಳಿಸಿದರೆ ದಾರಿಯಲ್ಲೇ ಕೆಡುತ್ತದೆ. ಹಸಿ ಕಾಯಿ ಬೇಡ, ಕೊಬ್ಬರಿ ಹಾಕಿ. ಆ ಚಟ್ನಿ ಹುಡುಗ ಇಲ್ಲಿದ್ದರೆ ಬರೆದುಕೊಳ್ಳಪ್ಪಾ.

ತುಪ್ಪ ಮರೆಯಬೇಡಿ. ಅವಲಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಕಡಲೆಬೀಜ 560 ಚಿಲ್ಲರೆ, ತುಪ್ಪ 900ರ ಹತ್ತಿರ. ಹೊರುವ ತೂಕಕ್ಕೆ ಇದಕ್ಕಿಂತ ಲಾಭದ ವಸ್ತು ಇನ್ನೊಂದಿಲ್ಲ. ಡಯಟ್ ಊರಿಗೆ ಬಂದ ಮೇಲೆ ಮಾಡಿ.

ಗ್ಯಾಸ್ ಬಗ್ಗೆ ಎರಡೇ ಮಾತು. ವಿಮಾನದಲ್ಲಿ, ರೈಲಿನಲ್ಲಿ ಒಯ್ಯುವಂತಿಲ್ಲ, ಅಲ್ಲಿಗೆ ಹೋಗಿ ಕೊಳ್ಳಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಚಳಿ ಜಾಗದಲ್ಲಿ ಡಬ್ಬಿಯನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಬರೀ ನೀರು ಕಾಯಿಸಿದರೆ ಒಂದು ಡಬ್ಬಿಗೆ ಹನ್ನೆರಡು ಲೀಟರ್ ಆದರೂ ಬರುತ್ತದೆ. ಬೇಳೆ ಬೇಯಿಸಿದರೆ ಏನಾಗುತ್ತದೆ ಅಂತ ಹೇಳಿದ್ದೇನೆ.

ಸ್ವಲ್ಪ ಗಂಭೀರವಾದದ್ದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಈಗ ಹೆಚ್ಚಿನ ಕಡೆ ಟೆಂಟ್ ಹಾಕುವಂತಿಲ್ಲ, ಬೆಂಕಿ ಅಂತೂ ಇಲ್ಲವೇ ಇಲ್ಲ. ಕೆಲವರು ಅರಣ್ಯ ಇಲಾಖೆಯನ್ನು ಬೈಯುತ್ತೀರಿ. ಜನವರಿ ಕಳೆದ ಮೇಲೆ ಆ ಹುಲ್ಲು ಹೇಗಿರುತ್ತದೆ ಅಂತ ಮುಟ್ಟಿ ನೋಡಿದ್ದೀರಲ್ಲ? ಕಾಗದ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ನಮ್ಮ ಹಾಗೇ ವಾರದ ಕೊನೆಗೆ ಹೊರಟವರು. ಅದಕ್ಕೇ ನಾನು ಸ್ಟೌವೇ ಬೇಡದ ಊಟದ ಬಗ್ಗೆ ಇಷ್ಟು ತಲೆ ತಿನ್ನುವುದು. ಕುಮಾರ ಪರ್ವತಕ್ಕೆ ಹೋದರೆ ಅರ್ಧ ದಾರಿಯಲ್ಲಿ ಭಟ್ಟರ ಮನೆ ಅನ್ನ, ಸಾರು, ಮಜ್ಜಿಗೆ ಇದೆ. ಮಿಕ್ಕ ಕಡೆಗೆ ಡಬ್ಬ ಇದೆ.

ಕಸದ ವಿಷಯ, ನೀರು ಶುದ್ಧ ಮಾಡುವ ವಿಷಯ, ಪಾತ್ರೆಯನ್ನು ಹಳ್ಳದಲ್ಲಿ ಸೋಪು ಹಾಕಿ ತೊಳೆಯುವ ಮಹಾನುಭಾವರ ವಿಷಯ, ಎಲ್ಲ ಬರೆದುಕೊಂಡು ಬಂದಿದ್ದೆ. ಇನ್ನೊಂದು ಚೀಟಿ ಬರುವುದು ಕಾಣುತ್ತಿದೆ. ಇಂಬಳಕ್ಕೆ ಉಪ್ಪೋ ಸುಣ್ಣವೋ ಅನ್ನುವ ಜಗಳವನ್ನು ಕಾಫಿ ಹೊತ್ತಿಗೆ ಇಟ್ಟುಕೊಳ್ಳೋಣ.

ಆಯ್ತು, ಡಬ್ಬ ತೆಗೆಯುತ್ತೇನೆ. ನೀರು ಹಾಕಿ ನಲವತ್ತು ನಿಮಿಷವಾಯಿತು, ಹದವಾಗಿ ಅರಳಿದೆ ನೋಡಿ. ಅಯ್ಯೋ, ಈ ಮೂಲೆಯಲ್ಲಿ ಯಾರೋ ಆಗಲೇ ಚಮಚ ಹಾಕಿದ್ದೀರಿ. ನಾನು ಆ ಕಡೆ ತಿರುಗಿ ಬಿಸಿಬೇಳೆಬಾತ್ ಕಥೆ ಹೇಳುವಾಗಲೇ ಇರಬೇಕು, ಅಲ್ವಾ? ಪರವಾಗಿಲ್ಲ. ಉಪ್ಪು ಸರಿ ಇದೆಯಾ, ಅದನ್ನಾದರೂ ಹೇಳಿ.