ಸುಣ್ಣದ ಗೂಡಿನ ಮೋಲ್ ಲೆಕ್ಕ

ಕೇಳುಗರಿಗೆ ನಮಸ್ಕಾರ. ಪಿಯುಸಿ ಓದುತ್ತಿರುವವರು ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಗೂಡಿನಲ್ಲಿ 1 ಕಿಲೊ ಶುದ್ಧ ಸುಣ್ಣದಕಲ್ಲು ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಬರುತ್ತದೆ? ಒಂದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಅಂದರೆ ಸುಣ್ಣದಕಲ್ಲಿನಿಂದ, ಒಂದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಒಂದು ಕಾರ್ಬನ್ ಡೈಆಕ್ಸೈಡ್ ಅನಿಲ ಎನ್ನುತ್ತದೆ ಸಮೀಕರಣ. ಅದು ಎಣಿಕೆ. ತಕ್ಕಡಿಗೆ ಗೊತ್ತಿರುವುದು ತೂಕ ಮಾತ್ರ. ತೂಕವನ್ನು ಎಣಿಕೆಗೆ ತರುವುದೇ ಮೋಲ್. ಡಜನ್ ಎಂದರೆ 12. ಮೋಲ್ ಎಂದರೆ 10ರ ಘಾತ 23ನ್ನು 6.022ರಿಂದ ಗುಣಿಸಿದಷ್ಟು ಕಣ.

ಈಗ ಬರೆದುಕೊಳ್ಳಿ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48, ಕೂಡಿದರೆ 100. ಒಂದು ಮೋಲ್ ಕಲ್ಲು ಇಷ್ಟು ಗ್ರಾಂ ತೂಗುತ್ತದೆ, ಇದೇ ಅದರ ಮೋಲಾರ್ ರಾಶಿ. 1000 ಗ್ರಾಂ ಭಾಗಿಸು 100, ಅಂದರೆ 10 ಮೋಲ್ ಕಲ್ಲು. ಹಾಗಾದರೆ ಸುಟ್ಟ ಸುಣ್ಣವೂ 10 ಮೋಲ್. ಅದರ ಮೋಲಾರ್ ರಾಶಿ 56. ತೂಕ 560 ಗ್ರಾಂ. ಉಳಿದ 440 ಗ್ರಾಂ ಅನಿಲವಾಗಿ ಹೋಯಿತು.

ಬಹಳ ಮಂದಿ ಎಡವುವುದು ಆಕ್ಸಿಜನ್‌ನಲ್ಲಿ. ಮೂರರಿಂದ ಗುಣಿಸಲು ಮರೆತರೆ 100ರ ಬದಲು 68 ಬರುತ್ತದೆ, ಸುಣ್ಣ 823 ಗ್ರಾಂ, ಅನಿಲ 647 ಗ್ರಾಂ. ಹಾಕಿದ್ದು 1 ಕಿಲೊ, ಬಂದದ್ದು ಸುಮಾರು ಒಂದೂವರೆ ಕಿಲೊ! ಅದಕ್ಕೇ, ಉತ್ತರ ಬಂದ ಕೂಡಲೇ ಎರಡೂ ಕಡೆಯ ತೂಕ ಕೂಡಿ ನೋಡಿ. ಅರ್ಧ ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಕಲ್ಲು ಶೇಕಡ 90 ಶುದ್ಧವಾಗಿದ್ದರೆ ಲೆಕ್ಕಕ್ಕೆ ಸಿಗುವುದು 900 ಗ್ರಾಂ. ಸುಣ್ಣ 504 ಗ್ರಾಂ. ಕಲ್ಲಿನ ಒಳಭಾಗ ಬೇಯದಿದ್ದರೆ ಇನ್ನೂ ಕಡಿಮೆ. 1 ಕಿಲೊ ಶುದ್ಧ ಕಲ್ಲಿನ ಅನಿಲಕ್ಕೆ 10 ಮೋಲ್ ಇಂಟು ಮೋಲಿಗೆ 22.4 ಲೀಟರ್, 224 ಲೀಟರ್ ಎಂದು ಬರೆಯುವಾಗಲೂ ಎಚ್ಚರ: ಅದು 0 ಡಿಗ್ರಿ ಸೆಲ್ಸಿಯಸ್, 1 ವಾಯುಮಂಡಲ ಒತ್ತಡದ ಮಾತು. 900 ಡಿಗ್ರಿಯ ಗೂಡಿನಲ್ಲಿ ಅದೇ ಅನಿಲ ನಾಲ್ಕು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ.

ಇನ್ನು ಸುಣ್ಣ ಅರಳಿಸೋಣ. 280 ಗ್ರಾಂ ಸುಟ್ಟ ಸುಣ್ಣ, 108 ಗ್ರಾಂ ನೀರು. ಮೊದಲು ಮುಗಿಯುವುದು ಯಾವುದು? ತೂಕ ಕಡಿಮೆಯೆಂದು ನೀರನ್ನು ಹೇಳಿದರೆ ತಪ್ಪು. ಸುಣ್ಣ 5 ಮೋಲ್, ನೀರು 6 ಮೋಲ್. ಒಂದಕ್ಕೆ ಒಂದು ಬೇಕು. ಮುಗಿಯುವುದು ಸುಣ್ಣ, ಅದೇ ಲಿಮಿಟಿಂಗ್ ರೀಏಜೆಂಟ್. ಅರಳಿದ ಸುಣ್ಣದ ಮೋಲಾರ್ ರಾಶಿ 56 ಕೂಡಿಸು 18, ಅಂದರೆ 74. ತೂಕ 5 ಇಂಟು 74, 370 ಗ್ರಾಂ. ನೀರು 18 ಗ್ರಾಂ ಮಿಗುತ್ತದೆ. ಇದು ಕಾಗದದ ಮೇಲೆ. ಅರಳುವಾಗ ಏಳುವ ಬಿಸಿಗೆ ನೀರು ಆವಿಯಾಗುವುದರಿಂದ, ಕೆಲಸದವರು ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ನೀರು ಹಾಕುತ್ತಾರೆ.