ಡಿಗ್ರಿಯ ಮೊದಲ ವರ್ಷ: ಹಿಂದಿನ ಬೆಂಚಿನ ಮಕ್ಕಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುವವಳು. ಪ್ರತಿ ವರ್ಷ ಹೊಸ ಬ್ಯಾಚ್ ಬಂದಾಗ ಹಿಂದಿನ ಬೆಂಚಿನ ಕೆಲವು ಮಕ್ಕಳ ಮೇಲೇ ನನ್ನ ಕಣ್ಣು ಹೋಗುತ್ತದೆ. ಗಲಾಟೆ ಮಾಡುವವರಲ್ಲ ಇವರು. ತಲೆ ಬಗ್ಗಿಸಿ, ಹೇಳಿದ್ದನ್ನೆಲ್ಲ ಬರೆದುಕೊಂಡು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋಗುವವರು. ಇವತ್ತು ಅವರ ಜೊತೆ ಮಾತಾಡಬೇಕು ಅಂತಲೇ ಬಂದಿದ್ದೇನೆ.

ಮಕ್ಕಳೇ, ನಿಮಗೆ ಕಷ್ಟ ಆಗುತ್ತಿದ್ದರೆ ಅದಕ್ಕೆ ಕಾರಣ ಇದೆ. ಪಿಯುಸಿಯಲ್ಲಿ ಒಂದು ವಿಷಯಕ್ಕೆ ಒಂದೇ ಪಠ್ಯಪುಸ್ತಕ ಇತ್ತು. ಹಳೇ ಪ್ರಶ್ನೆಪತ್ರಿಕೆ ಬಿಡಿಸಿದರೆ ಧೈರ್ಯ ಬರುತ್ತಿತ್ತು. ಇಲ್ಲಿ ಸಿಲಬಸ್ ಅಂತ ಎರಡು ಹಾಳೆ ಕೈಗೆ ಬರುತ್ತದೆ, ಅದರ ಕೊನೆಗೆ ಒಂದಷ್ಟು ಪುಸ್ತಕಗಳ ಹೆಸರು. ಯಾವುದನ್ನು ಓದಬೇಕು, ಎಷ್ಟು ಓದಬೇಕು, ನೀವಾಗಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಗಣೇಶನ ಹಬ್ಬ, ದಸರಾ ರಜೆ ಮುಗಿಯುವಷ್ಟರಲ್ಲಿ ಇಂಟರ್ನಲ್, ಅಂದರೆ ಕಾಲೇಜೇ ನಡೆಸುವ ಪರೀಕ್ಷೆ, ಬಂದು ನಿಂತಿರುತ್ತದೆ. ಸೀನಿಯರ್‌ಗಳ ನೋಟ್ಸ್ ಇದೆಯಲ್ಲ ಅಂದುಕೊಂಡರೆ ಅದೂ ಪೂರ್ತಿ ನಂಬುವ ಹಾಗಿಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಸಿಲಬಸ್ ಎರಡೂ ಸಲ ಬದಲಾಯಿತು. ಅಕ್ಕನ ನೋಟ್ಸ್ ತಮ್ಮನಿಗೆ ಹೊಂದದಿದ್ದರೆ ಅದು ತಮ್ಮನ ತಪ್ಪಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇಂಗ್ಲಿಷು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿ ಕಾಮರ್ಸನ್ನೂ ಕನ್ನಡದಲ್ಲೇ ಬರೆದು ಬಂದವರು ನಮ್ಮಲ್ಲಿ ಬಹಳ ಮಂದಿ. ಒಬ್ಬ ಹುಡುಗಿಯ ನೋಟ್‌ಬುಕ್ ನೋಡಿದ್ದೆ. ಪಕ್ಕದ ಅಂಚಿನಲ್ಲಿ ‘ಡಿಪ್ರಿಸಿಯೇಷನ್’ ಅಂತ ಕನ್ನಡ ಅಕ್ಷರದಲ್ಲಿ, ಕೆಳಗೆ ಪೆನ್ಸಿಲ್ಲಿನಲ್ಲಿ ‘ಸವಕಳಿ’. ಪುಟ ಪುಟಕ್ಕೂ ಹೀಗೇ. ಮೊದಲ ಇಂಟರ್ನಲ್‌ನಲ್ಲಿ ಅವಳು ವಸೂಲಾಗದ ಸಾಲದ ಪ್ರಶ್ನೆಯನ್ನು ಬಿಟ್ಟೇಬಿಟ್ಟಿದ್ದಳು. ಕರೆದು ಕೇಳಿದೆ. ಅವಳ ಅಪ್ಪನದು ಊರಲ್ಲಿ ಕಿರಾಣಿ ಅಂಗಡಿ, ಉದ್ರಿ ಪುಸ್ತಕ ಬರೆಯುವವಳು ಇವಳೇ. ಯಾರ ಬಾಕಿ ಸುಗ್ಗಿ ಆದ ಮೇಲೆ ಬರುತ್ತದೆ, ಯಾರದು ಬರುವುದೇ ಇಲ್ಲ, ಬಾರದ್ದಕ್ಕೆ ಲಾಭದಲ್ಲಿ ಎಷ್ಟು ಕಳೆದು ನೋಡಬೇಕು, ಎಲ್ಲವನ್ನೂ ಪಟಪಟ ಹೇಳಿದಳು. ಅದೇ ಕಣಮ್ಮಾ ಆ ಪ್ರಶ್ನೆ ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಲೆಕ್ಕ ಗೊತ್ತಿತ್ತು, ಪ್ರಶ್ನೆಯನ್ನು ಓದಲು ಬಂದಿರಲಿಲ್ಲ. ಇಂಥವರನ್ನು ‘ವೀಕ್ ಸ್ಟೂಡೆಂಟ್’ ಅಂತ ಪಟ್ಟಿ ಮಾಡುವುದನ್ನು ನಾವು ಮೇಷ್ಟ್ರುಗಳು ನಿಲ್ಲಿಸಬೇಕು. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದೇ ಅಂತ ಮೊದಲ ವಾರವೇ ವಿಚಾರಿಸಿ. ಎಷ್ಟೋ ಕಡೆ ಅವಕಾಶ ಇದೆ, ಮಕ್ಕಳಿಗೇ ಗೊತ್ತಿರುವುದಿಲ್ಲ. ತರಗತಿಯಲ್ಲಿ ಎದ್ದು ನಿಂತು ಕೇಳಲು ನಾಚಿಕೆಯಾದರೆ ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ಕೇಳಿ. ಯಾವ ಮೇಷ್ಟ್ರೂ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ದಿನಾ ಓಡಾಡುವವರ ಪಾಡು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಊರಿಂದಲೇ ಓದಲಿ ಬಿಡಿ ಅಂತ ಮನೆಯವರು ಒಪ್ಪುತ್ತಾರೆ. ಬಹಳ ಒಳ್ಳೆಯದು. ಆದರೆ ಬೆಳಿಗ್ಗೆ ಆರೂವರೆ ಬಸ್ಸಿಗೆ ನಿಂತುಕೊಂಡೇ ಬಂದು, ನಾಲ್ಕು ಗಂಟೆ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ ಅಂತ ಓಡುವ ಹುಡುಗಿಗೆ ಲೈಬ್ರರಿ ಎಲ್ಲಿಂದ ಸಿಗಬೇಕು? ಅಂಥವರು ಮಧ್ಯಾಹ್ನದ ಬಿಡುವನ್ನೇ ಹಿಡಿದುಕೊಳ್ಳಬೇಕು. ಊಟದ ಡಬ್ಬಿ ಮುಗಿಸಿ ಅರ್ಧ ಗಂಟೆ ಲೈಬ್ರರಿಯಲ್ಲಿ ಕೂತರೂ ಸಾಕು. ಹಾಜರಾತಿ ಶೇಕಡಾ 75 ಬೇಕು ಅನ್ನುವುದು ನೆನಪಿರಲಿ. ಬಸ್ಸಿನ ತೊಂದರೆಯಿಂದ ಮೊದಲ ಪೀರಿಯಡ್ ತಪ್ಪುತ್ತಿದ್ದರೆ ಸೆಮಿಸ್ಟರ್ ಕೊನೆಯವರೆಗೆ ಸುಮ್ನೆ ಇರಬೇಡಿ, ಮೊದಲೇ ಹೇಳಿ.

ಹಾಸ್ಟೆಲ್ಲಿನ ಕತೆ ಬೇರೆ. ರಾಯಚೂರಿನ ಹುಡುಗ, ಮಂಡ್ಯದ ಹುಡುಗ ಒಂದೇ ರೂಮಿನಲ್ಲಿ. ಇವನ ‘ಯಾಕ್ರೀ’ಗೆ ಅವನು ನಗುತ್ತಾನೆ, ಅವನ ‘ಯಾಕ್ಲಾ’ ಕೇಳಿ ಇವನು ಬೈಗುಳ ಅಂದುಕೊಳ್ಳುತ್ತಾನೆ. ಊರಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂದ ದಿನ ಎಲ್ಲರೂ ಒಂದೇ ಡಬ್ಬಿಗೆ ಕೈ ಹಾಕುತ್ತಾರೆ. ಅಷ್ಟರ ಮಟ್ಟಿಗೆ ತಾನಾಗೇ ಸರಿಹೋಗುತ್ತದೆ. ಆದರೆ ಯಾರಾದರೂ ಹೆದರಿಸಿದರೆ, ಅವಮಾನ ಮಾಡಿದರೆ ಅದನ್ನು ತಮಾಷೆ ಅಂತ ನುಂಗಿಕೊಳ್ಳಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2009ರಲ್ಲೇ ರ‍್ಯಾಗಿಂಗ್ ವಿರುದ್ಧ ಗಟ್ಟಿ ನಿಯಮ ತಂದಿದೆ. ಸಹಾಯವಾಣಿ 1800 180 5522. ಮನಸ್ಸಿಗೆ ತುಂಬಾ ಭಾರ ಅನ್ನಿಸಿದರೆ, ನಿದ್ದೆ ಬರದಿದ್ದರೆ, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ನಂಬರ್ 14416. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಅದೊಂದು ಆಗದೆ ಹಣ ನಿಂತುಹೋದವರು ಬೇಕಾದಷ್ಟು ಜನ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳು ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಯ ಬಗ್ಗೆ ಕೇಳಿ ತಿಳಿದುಕೊಳ್ಳಿ.

ಕೊನೆಗೆ ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ಭಾನುವಾರ ಫೋನ್ ಮಾಡಿದಾಗ ಎಷ್ಟು ಮಾರ್ಕ್ಸ್ ಬಂತು ಅಂತಲೇ ಶುರು ಮಾಡಬೇಡಿ. ಯಾರ ಜೊತೆ ಊಟ ಮಾಡ್ತೀಯಾ ಅಂತ ಕೇಳಿ. ಯಾರೂ ಇಲ್ಲ ಅಂತ ಬಂದರೆ ಮುಂದಿನ ವಾರ ಒಮ್ಮೆ ಬಂದು ನೋಡಿ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್ ಹೋದರೆ ಮುಂದೆ ಮತ್ತೆ ಬರೆದು ಪಾಸಾಗಬಹುದು, ಹಾಗೆ ಪಾಸಾದವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಅಷ್ಟಕ್ಕೇ ಕಾಲೇಜು ಬಿಡಿಸಿ ಕೆಲಸಕ್ಕೆ ಕಳಿಸಬೇಡಿ. ಹೆಣ್ಣುಮಕ್ಕಳಾದರೆ ಗಂಡು ನೋಡಲು ಹೊರಡಬೇಡಿ. ಮಗ ಇಲ್ಲವೇ ಮಗಳು ತಾನಾಗೇ ಓದು ಬಿಡುತ್ತೇನೆ ಅಂದರೂ, ಟಿ.ಸಿ.ಗೆ ಅರ್ಜಿ ಬರೆಯುವ ಮುಂಚೆ ಅವರನ್ನು ಕರೆದುಕೊಂಡು ಕಾಲೇಜಿಗೆ ಬನ್ನಿ. ಮಧ್ಯಾಹ್ನ ಮೂರರ ಮೇಲೆ ಬಂದರೆ ಅನುಕೂಲ. ಪಾಠ ಮುಗಿದಿರುತ್ತದೆ, ಸ್ಟಾಫ್ ರೂಮಿನಲ್ಲಿ ಕೂತು ಮಾತಾಡೋಣ.

ನಮಸ್ಕಾರ.