ಮಜ್ಜಿಗೆಯಿಲ್ಲದ ಬೇಸಿಗೆ

ಕೇಳುಗರಿಗೆ ನಮಸ್ಕಾರ.

ನನ್ನ ತವರು ಶಿರಸಿ ಕಡೆಯ ಹಳ್ಳಿ, ಮನೆ ಕಾರವಾರದಲ್ಲಿ. ನಾಲಿಗೆ ಘಟ್ಟದ ಮೇಲಿನದು, ಬೆವರು ಘಟ್ಟದ ಕೆಳಗಿನದು. ಏಪ್ರಿಲ್‌ನಲ್ಲಿ ಇಲ್ಲಿ 34 ಡಿಗ್ರಿ ಅಂದರೆ ಬಯಲುಸೀಮೆಯವರು ನಗುತ್ತಾರೆ. ಇಲ್ಲಿ ಬೆವರು ಆರುವುದೇ ಇಲ್ಲ ಎಂಬುದು ಅವರಿಗೇನು ಗೊತ್ತು? ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಸೆರಗು ಹಿಂಡಬೇಕು.

ಅಂಥದೊಂದು ಮಧ್ಯಾಹ್ನ, ಬೆಂಗಳೂರಿನಿಂದ ರಜೆಗೆ ಬಂದ ಮಗಳು ಮಜ್ಜಿಗೆಯ ತಂಬುಳಿ ಬಡಿಸಲು ಹೋದ ಸೌಟಿಗೆ ಕೈ ಅಡ್ಡ ಹಿಡಿದಳು. "ಆಯಿ, ಆನು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಿ." ವೀಗನ್ ಅಂತೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ. ಹಾಲನ್ನೂ ಬಿಟ್ಟ ಸಸ್ಯಾಹಾರಿಗಳು ತಮಗೊಂದು ಹೆಸರು ಬೇಕೆಂದು ಕಟ್ಟಿಕೊಂಡದ್ದು. "ಜೇನೂ ಇಲ್ಲವೇ?" ಎಂದರು ಇವರು. ಜೇನೂ ಇಲ್ಲ. ಬೇಸಿಗೆಯ ಊಟವನ್ನು ಮಜ್ಜಿಗೆಯಿಂದಲೇ ಅಳೆಯುವ ಮನೆ ನಮ್ಮದು. ನನಗೆ ಕೈಕಾಲು ಆಡಲಿಲ್ಲ.

ಮೊದಲು ಮಾಡಿದ ತಪ್ಪು, ಮೊಸರನ್ನೇ ಬೇರೆ ರೂಪದಲ್ಲಿ ತರಲು ಹೊರಟದ್ದು. ತೆಂಗಿನ ಹಾಲಿಗೆ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಕೆಳಗೆ ನೀರು, ಮೇಲೆ ಕೊಬ್ಬಿನ ಗಡ್ಡೆ. ಆಮೇಲೆ ಶೇಂಗಾ. ರಾತ್ರಿ ನೆನೆಸಿ, ರುಬ್ಬಿ, ಸೋಸಿ, ಕುದಿಸಿ, ಉಗುರು ಬೆಚ್ಚಗಾದ ಮೇಲೆ ಹಸಿಮೆಣಸಿನ ಹತ್ತು ತೊಟ್ಟು ಹಾಕಿ ಮುಚ್ಚಿಟ್ಟೆ. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಹುಳಿ ತರಿಸುತ್ತವೆ. ಇದು ಗಟ್ಟಿಯಾಗಿ ನಿಂತಿತು, ನಿಜ. ಆದರೆ ಅನ್ನಕ್ಕೆ ಕಲಸಿದರೆ ಶೇಂಗಾ ಚಟ್ನಿ ನೀರಾದ ಹಾಗೆ. ಮಗಳು ಮರ್ಯಾದೆಗೆ ಎರಡು ತುತ್ತು ಉಂಡಳು.

ದಾರಿ ತೋರಿಸಿದ್ದು ಪಕ್ಕದ ಮನೆಯ ಕೊಂಕಣಿ ಅಕ್ಕ. ಮೀನಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ. ಆದರೆ ಮೀನಿನೂಟದ ಕೊನೆಗೆ ಅವರು ಕುಡಿಯುವ ಸೋಲ್ ಕಡಿಯಲ್ಲಿ ಹಾಲಿನ ಹನಿಯೂ ಇಲ್ಲ! ಹತ್ತು ಮುರುಗಲ, ಅಂದರೆ ಕೋಕಂ ಹಣ್ಣಿನ, ಸಿಪ್ಪೆ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಯಬೇಕು. ಕಾಯಿತುರಿ, ಜೀರಿಗೆ, ಹಸಿಮೆಣಸು, ಎರಡು ಎಸಳು ಬೆಳ್ಳುಳ್ಳಿ ರುಬ್ಬಿ ಹಾಲು ಹಿಂಡಿ, ಸಿಪ್ಪೆಯ ರಸಕ್ಕೆ ಸೇರಿಸಿ ಉಪ್ಪು ಹಾಕಿದರೆ ಆಯಿತು. ಒಲೆ ಹಚ್ಚುವ ಕೆಲಸವೇ ಇಲ್ಲ, ಕುದಿಸಿದರೆ ಒಡೆಯುತ್ತದೆ. ಒಂದು ದಿನ ಬೆಳಿಗ್ಗೆಯೇ ಮಾಡಿ ಹೊರಗಿಟ್ಟು ಪೇಟೆಗೆ ಹೋದೆ. ಮಧ್ಯಾಹ್ನ ಬಂದು ಮುಚ್ಚಳ ತೆಗೆದರೆ ಹಳಸಲು ನಾತ. ಈ ಸೆಖೆಯಲ್ಲಿ ತೆಂಗಿನ ಹಾಲು ಯಾರನ್ನೂ ಕಾಯುವುದಿಲ್ಲ. ಉಣ್ಣುವ ಹೊತ್ತಿಗೇ ಹಿಂಡಿಕೊಳ್ಳಬೇಕು.

ಆಗ ಹೊಳೆಯಿತು. ತಂಬುಳಿಗೆ ಬೇಕಾದದ್ದು ಹಾಲಿನ ಹುಳಿಯಲ್ಲ, ಹುಳಿ. ಒಂದೆಲಗ, ಜೀರಿಗೆ, ಕಾಳುಮೆಣಸು, ಕಾಯಿ ರುಬ್ಬಿ, ಮಜ್ಜಿಗೆಯ ಬದಲು ಮುರುಗಲ ರಸ ಸುರಿದೆ. ರುಚಿ ಚೆನ್ನಾಗಿಯೇ ಇತ್ತು. ಬಣ್ಣ ಮಾತ್ರ ಮೊದಲ ಮಳೆಗೆ ಗದ್ದೆಯಲ್ಲಿ ನಿಂತ ನೀರಿನದು. ಹಸಿರಿಗೆ ಕೆಂಪು ಬೆರೆತರೆ ಇನ್ನೇನಾದೀತು? ತವರಿಗೆ ಫೋನು ಮಾಡಿದೆ. ಅತ್ತಿಗೆ ನಕ್ಕು, "ಬಿಳಿ ಮುರುಗಲು ಇಲ್ಲೆ ಇದ್ದಲೇ" ಎಂದು ಒಂದು ಪೊಟ್ಟಣ ಬಸ್ಸಿನಲ್ಲಿ ಕಳಿಸಿದಳು. ಅದರ ರಸಕ್ಕೆ ಬಣ್ಣವಿಲ್ಲ, ಹುಳಿ ಇದೆ. ತಂಬುಳಿ ಹಸಿರಾಗಿಯೇ ಉಳಿಯಿತು. ಅದೇ ಪೊಟ್ಟಣದ ಜೊತೆ ಮುರುಗಲಿನ ನೆಂಟ ಮರ ಉಪ್ಪಾಗೆಯ ಬೀಜದ ತುಪ್ಪವೂ ಬಂದಿತ್ತು. ದೋಸೆಗೆ ಹಚ್ಚಿಕೊಟ್ಟರೆ ಮಗಳಿಗೆ ನಂಬಿಕೆಯೇ ಇಲ್ಲ: "ತುಪ್ಪ ಅಂತೀಯಲ್ಲೇ ಆಯಿ!" ಹೆಸರು ಮಾತ್ರ ತುಪ್ಪ, ಮರದ್ದು ಎಂದು ಒಪ್ಪಿಸಲು ಬೀಜವನ್ನೇ ತರಿಸಿ ತೋರಿಸಬೇಕಾಯಿತು.

ಉಳಿದದ್ದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮಾವಿನಕಾಯಿಯ ಅಪ್ಪೆಹುಳಿಗೆ ಮೊದಲಿನಿಂದಲೂ ಕೊಬ್ಬರಿ ಎಣ್ಣೆ, ಇಂಗಿನ ಒಗ್ಗರಣೆಯೇ. ಬೆಳಿಗ್ಗೆ ತೆಳು ಅವಲಕ್ಕಿಗೆ ಕಾಯಿ, ಕೊಬ್ಬರಿ ಎಣ್ಣೆ, ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ. ಸಂಜೆಗೆ ಬೆಲ್ಲದ ಎಳ್ಳುನೀರು. ಎಳ್ಳು ಉಷ್ಣ ಅನ್ನುವವರೇ ಎಳ್ಳುನೀರು ತಂಪು ಅನ್ನುತ್ತಾರೆ. ಆ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ.

ಒಂದು ಮಾತು ಮಾತ್ರ ಅವಳಿಗೆ ಗದರಿಯೇ ಹೇಳಿದೆ. ಹಾಲು ಪೂರ್ತಿ ಬಿಟ್ಟವರಿಗೆ ಬಿ-12 ಜೀವಸತ್ವ ಸೊಪ್ಪು ಕಾಳಿನಿಂದ ಸಿಗುವುದಿಲ್ಲ, ಡಾಕ್ಟರನ್ನು ಕೇಳಿ ಮಾತ್ರೆ ತಗೋ ಎಂದು. ತಗೊಳ್ಳುತ್ತಿದ್ದಾಳೆ.

ಈಗ ನಮ್ಮಲ್ಲಿ ಮಧ್ಯಾಹ್ನಕ್ಕೆ ಎರಡು ಪಾತ್ರೆ ತಂಬುಳಿ. ಇವರದು ಮಜ್ಜಿಗೆಯದು, ಮಗಳದು ಬಿಳಿ ಮುರುಗಲಿನದು. ಮೊನ್ನೆ ಇವರು ಸೌಟು ತಪ್ಪಿ ಅವಳ ಪಾತ್ರೆಗೆ ಹಾಕಿ ಬಡಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ. ಇವರು ಎರಡನೇ ಸಲವೂ ಹಾಕಿಸಿಕೊಂಡರು.

ನಮಸ್ಕಾರ.